ನಾಲ್ಕು ಗಂಟೆಗೆ ನೆಲಿದಾ

ನಾಲ್ಕು ಹೊಡೆಯಿತು. ಚಿಲೊಯೆ ದ್ವೀಪದಲ್ಲಿ
ನೆಲಿದಾ ಬಾರ್ರಿಯಾ ಕನ್ನಡಕ ಒರೆಸಿ,
ಮೈಕಿನ ಮುಂದೆ ಗಂಟಲು ಸರಿಮಾಡಿ,
"ಕೇಳಿ" ಅಂದಳು.

ಕೇಳಿದರು.
ಕೋಳಿಗೆ ತನ್ನ ಮೊಟ್ಟೆಯ ಗುರುತು ಸಿಗುತ್ತದೆಯೇ?
ಮೀನಿಗೆ ಬಾಯಾರುತ್ತದೆಯೇ?
ಆಲೂಗಡ್ಡೆಗೆ ಕಣ್ಣಿದೆಯಲ್ಲ,
ಮಣ್ಣೊಳಗೆ ಅದು ನೋಡುವುದಾದರೂ ಏನನ್ನು?
ದೋಣಿಯ ಓಸ್ವಾಲ್ದೋನದು ದಿನಾ ಒಂದೇ:
ಆಕಳಿಕೆ ಯಾಕೆ ಅಂಟುತ್ತದೆ?
ಉತ್ತರ ಸಿಕ್ಕಿ ವರ್ಷವಾಯಿತು,
ಅವಳ ಬಾಯಿಂದ ಇನ್ನೊಮ್ಮೆ ಬೇಕು ಅವನಿಗೆ.

ಒಂದಕ್ಕೆ ಮೇಷ್ಟ್ರಿಗೆ ಫೋನು, ಒಂದಕ್ಕೆ ಸೂಲಗಿತ್ತಿಗೆ;
ಉಳಿದದ್ದಕ್ಕೆಲ್ಲ "ನಾಳೆ ನೋಡೋಣ."

ಇವತ್ತು ಕೊನೆಗೊಂದು ಎಳೆ ದನಿ:
"ನೀವು ಸುಮ್ಮನಾದಾಗ ರೇಡಿಯೋದೊಳಗೆ ಏನಿರುತ್ತೆ?"

ನೆಲಿದಾ ಬಾಯಿ ತೆರೆದಳು,
ಯೋಚಿಸಿ, ಮುಚ್ಚಿದಳು.

ಒಂದು. ಎರಡು. ಮೂರು.

ಕಪ್ಪೆಚಿಪ್ಪು ಬಿಡಿಸುತ್ತಿದ್ದ ಚಾಕುಗಳು ನಿಂತವು.
ಯಾರೋ ಬ್ಯಾಟರಿ ತೆಗೆದು ಉಜ್ಜಿದರು,
ಯಾರೋ ಪೆಟ್ಟಿಗೆಯ ನೆತ್ತಿಗೆ ಮೊಟಕಿದರು.
ನಡುನೀರಲ್ಲಿ ಓಸ್ವಾಲ್ದೋ
ಹುಟ್ಟು ಎತ್ತಿ ಹಿಡಿದ.
ತೊಟ್ಟು ತೊಟ್ಟಾಗಿ ಕಡಲು ಕಡಲಿಗೇ ಬಿತ್ತು.

"ಕೇಳಿಸಿತಾ?" ಅಂದಳು.

"ಹ್ಞೂಂ," ಅಂದ ಹುಡುಗ,
"ನಮ್ಮನೆ ಕೆಟಲ್ಲು ಕೂಗ್ತಿದೆ."

"ಹಾಗಾದರೆ ಮೊದಲು ಹೋಗಿ ಇಳಿಸಪ್ಪ,
ನಾನು ಕಾಯ್ತೀನಿ."