ಚುಕ್ಕಿಗೆ ಕಾಲಂ ಇಲ್ಲ

ಪೈವಳಿಕೆಯ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ
ಹಳೇ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನದು.
ಹೆಸರಿಗೆ ಎರಡು ರೂಪಾಯಿ. ಚಹಾ ನಮ್ಮದೇ.

ಗೆದ್ದಲು ತಿಂದು ಬಿಟ್ಟ ಪುಟದಲ್ಲಿ
ಸೀಕು ಮಾತ್ರ ಉಳಿದಿದೆ, ಆಳಿಲ್ಲ.
ಇನ್ನೊಂದರಲ್ಲಿ ಆಳು ಉಂಟು, ಊರು ಉಂಟು,
ಸೀಕಿನ ಜಾಗದಲ್ಲಿ ತೂತು.
ಅಂಥವರನ್ನು ಏರಿಸುವಾಗ ಏನೋ ಒಂದು ಸಮಾಧಾನ.

ಎಲ್ಲ ಕಂಪೌಂಡರ್ ಕುಂಞಂಬು ಅವರ ಕೈಬರಹ.
ಮನೆಮಾತು ಮಲಯಾಳ, ಬರೆದದ್ದು ಕನ್ನಡ,
ಹುರುಳಿಕಾಳು ಸಾಲಾಗಿ ಇಟ್ಟ ಹಾಗೆ.
ಕೆಲವು ಹೆಸರುಗಳ ಎಡಕ್ಕೆ
ಪೆನ್ಸಿಲಿನದೊಂದು ಚುಕ್ಕಿ.
ಉಜ್ಜಿದರೆ ಹೋಗುವಷ್ಟು ಹಗುರ.
ಮೂವತ್ತು ವರ್ಷ ಯಾರೂ ಉಜ್ಜಲಿಲ್ಲ.

ಅದರ ಅರ್ಥ ನನಗೆ ತಿಳಿದದ್ದು
ಎರಡನೇ ರಿಜಿಸ್ಟರು ಮುಗಿಯುವಾಗ,
ಪಕ್ಕದಲ್ಲಿ ಬರೆದ ಮಾತ್ರೆಗಳನ್ನು ಕೂಡಿಸುತ್ತಾ ಹೋಗಿ.
ಇಲ್ಲಿ ಬರೆಯುವುದಿಲ್ಲ.

ಪರದೆಯ ಮೇಲೆ ಚುಕ್ಕಿಗೆ ಕಾಲಂ ಇಲ್ಲ.
ಕೆಂಪು ನಕ್ಷತ್ರದ ಒಂದು ಕಾಲಂ ಉಂಟು: ರೋಗ.
ತುಂಬದಿದ್ದರೆ ಮುಂದಕ್ಕೆ ಬಿಡುವುದಿಲ್ಲ.

ಮುಂಚೆ ಇಂಥದ್ದಕ್ಕೆಲ್ಲ ತಲಪಾಡಿ ದಾಟುತ್ತಿದ್ದರು.
ಬೆಳಗಿನ ಮೊದಲ ಬಸ್ಸು, ಮುಖಕ್ಕೆ ಸೆರಗು,
ಮಂಗಳೂರಿನಲ್ಲಿ ಐತೆ ಎಂಬವಳು ಸುಮತಿಯಾಗಿ ರಕ್ತ ಕೊಟ್ಟು
ಉಪ್ಪಳ ಬರುವ ಮೊದಲು ಚೀಟಿಯನ್ನು ಕಿಟಕಿಯಾಚೆ ಬಿಟ್ಟು
ಪುನಃ ಐತೆಯಾಗಿ ಮನೆಗೆ.
ಗಡಿಯಿಂದ ನಮಗೆ ಅಷ್ಟಾದರೂ ಉಪಕಾರವಿತ್ತು.

ಈಗ ಬೀಫಾತಿಮ್ಮ ಹೆಬ್ಬೆರಳು ಒತ್ತಿದರೆ
ನಂಬರು ಹೋಗುವುದು ಶಾರ್ಜದಲ್ಲಿರುವ ಅಳಿಯನ ಫೋನಿಗೆ.
ಅವನು ಅಂಗಡಿಯಿಂದಲೇ ಕೇಳುತ್ತಾನೆ:
"ಮಾಮಿ, ಹೆಂಗಸರ ಡಾಕ್ಟರ ಹತ್ರ ಎಂತಕ್ಕೆ?"
ಅವಳು ಬುರ್ಖಾದ ತುದಿ ತಿರುಚುತ್ತಾ ನನ್ನನ್ನು ನೋಡುತ್ತಾಳೆ,
ಫೋನು ಮಾಡಿದ್ದು ನಾನೇ ಎಂಬ ಹಾಗೆ.

ಒಂದು ದಿನ ಮದುವೆ ದಲ್ಲಾಳಿ ಮೋನಪ್ಪಣ್ಣ ಬಂದ,
ಅರ್ಧ ಕಿಲೋ ಹಲ್ವದ ಜೊತೆ.
"ಎಂತದೂ ಬೇಡ ಮಾರಾಯ್ತಿ,
ಚಿಪ್ಪಾರಿನ ಆ ಹುಡುಗಿಯದ್ದು ಒಮ್ಮೆ ಒತ್ತಿ ನೋಡು.
ಹೌದೋ ಅಲ್ವೋ, ತಲೆ ಆಡಿಸಿದರೆ ಸಾಕು."
ನಾನು ತಲೆ ಆಡಿಸಲಿಲ್ಲ.
ಅದನ್ನೇ ಉತ್ತರ ಅಂದುಕೊಂಡು ಹೋದ.
ಹಲ್ವ ಬಿಟ್ಟುಹೋದ.
ಆ ಹುಡುಗಿಯ ಪುಟ ನಾನು ತೆರೆದೇ ಇರಲಿಲ್ಲ.
ಇದನ್ನು ಈಗ ಯಾರಲ್ಲಿ ಹೇಳುವುದು?

ಮೊನ್ನೆ ಶುಕ್ರವಾರ, ಒಂಬತ್ತನೇ ರಿಜಿಸ್ಟರು.
ಅಪ್ಪಿ, ಗಂಡ ತನಿಯಪ್ಪ, ಬಾಯಾರು.
ವಯಸ್ಸು ಇಪ್ಪತ್ತಾರು. ಬೀಡಿ ಕೆಲಸ.
ಎಡಕ್ಕೆ ಚುಕ್ಕಿ.
ನಾನು ಹುಟ್ಟುವುದಕ್ಕೆ ಎರಡು ವರ್ಷ ಮೊದಲು.

(ಅಪ್ಪಿ ಎಂಬುದು ಅಮ್ಮನ ಹೆಸರಲ್ಲ.
ತಲಪಾಡಿ ದಾಟಿಸಿ ನಾನೀಗ ಇಟ್ಟದ್ದು.)

ಬೇಡ ಬೇಡ ಅನ್ನುತ್ತಲೇ ಅವಳ ಈಗಿನ ಪುಟ ಹುಡುಕಿದೆ.
ತೆರೆದ ಕೂಡಲೇ ಕೆಳಗೆ ಸಣ್ಣಕ್ಷರದ ಸಾಲು:
ನೋಡಿದವರು ಜಲಜಾಕ್ಷಿ, ನಾಲ್ಕು ಐವತ್ತೆರಡು.
ನೋಡಿದವರ ಹೆಸರನ್ನು ಅದು ಮರೆಯುವುದಿಲ್ಲ,
ಯಾರನ್ನು ನೋಡಿದರೋ ಅವರಿಗೆ ತೋರಿಸುವುದೂ ಇಲ್ಲ.

ಮನೆಯಲ್ಲಿ ಅಮ್ಮ ಮಡಿಲಲ್ಲಿ ತಡ್ಪೆ ಇಟ್ಟುಕೊಂಡು
ಬೀಡಿಯ ತುದಿಗಳನ್ನು ಉಗುರಿನಿಂದ ಮಡಚಿ ಒಳಗೆ ತುರುಕುತ್ತಿದ್ದಳು.
ಊರವರ ಹೆರಿಗೆ, ಹೊಟ್ಟೆನೋವು, ಯಾರ ಮೂಲವ್ಯಾಧಿ,
ಎಲ್ಲ ಅವಳಿಗೆ ಬಾಯಿಪಾಠ, ಎಲ್ಲ ಹೇಳುತ್ತಾಳೆ.
ಇದೊಂದನ್ನು ಹೇಳಲಿಲ್ಲ,
ಅಪ್ಪ ಸತ್ತ ರಾತ್ರಿಯೂ.
"ಎಂತ ಹಾಗೆ ನೋಡ್ತೀ?" ಅಂದಳು.
ಎಂತದೂ ಇಲ್ಲ ಅಂದೆ.

ಸೋಮವಾರ ಆ ಸಾಲಿನ ಮುಂದೆ ತುಂಬ ಹೊತ್ತು ಕೂತೆ.
ಕೆಂಪು ನಕ್ಷತ್ರ ಅಲ್ಲೇ ಕಾದಿತ್ತು.
ಜ್ವರ, ಎಂದು ಒತ್ತಿದೆ.
ಮುಂದಕ್ಕೆ ಬಿಟ್ಟಿತು.

ಅದಕ್ಕೆ ಮೊದಲಿನ ನಲವತ್ತೊಂದು ಚುಕ್ಕಿಗಳಿಗೆ
ನಿಜವನ್ನೇ ಬರೆದಾಗಿದೆ ನಾನು,
ಹೆಸರಿಗೆ ಎರಡು ರೂಪಾಯಿಯ ಹಾಗೆ.