ಪರಂಗಿ

ಆಲೂರಿನ ಅರ್ಧ ಊರಿಗೆ ಮನೆ ಹೆಸರೇ ಇಲ್ಲ,
ಒಂದು ಇನಿಷಿಯಲ್, ಒಂದು ಚುಕ್ಕಿ, ಮುಗಿಯಿತು.
ನಮಗೆ ಮಾತ್ರ ಪರಂಗಿ.
ಪರಂಗಿ ನಂಜಯ್ಯ, ಅವನ ಮಗ ಪರಂಗಿ ಪುಟ್ಟಬಸಪ್ಪ.
ಹಾಜರಿ ಕೂಗುವಾಗ ಹಿಂದಿನ ಬೆಂಚು
ಪರಂಗಿ ಹುಣ್ಣು ಎಂದು ನಗುತ್ತಿತ್ತು.
ಅದೇನು ಹುಣ್ಣೆಂದು ನನಗೆ ಮದುವೆಯಾದ ಮೇಲೆ ತಿಳಿಯಿತು.

ಪುಟ್ಟಬಸಪ್ಪ ಚಿಕ್ಕಪ್ಪನ ಬಳಿ ಉತ್ತರ ಸಿದ್ಧ:
ಮಂಜರಾಬಾದ್ ಕೋಟೆ ಕಟ್ಟಲು ಬಂದ ಫ್ರೆಂಚಿನವನು
ಜ್ವರ ಹಿಡಿದು ಮಲಗಿದ, ನಮ್ಮ ಮುತ್ತಜ್ಜನ ಅವ್ವ ಗಂಜಿ ಕೊಟ್ಟಳು.
ಗಂಜಿ ಕುಡಿದ ಮೇಲೆ ಏನಾಯಿತು ಎಂಬಲ್ಲಿ
ಚಿಕ್ಕಪ್ಪ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ.
ಸಾಕ್ಷಿ ಬೇಕೆ? ಅಪ್ಪನ ಕಣ್ಣು, ನನ್ನ ಕಣ್ಣು,
ಬೂದಿಗೆ ನೀರು ಬಿದ್ದ ಬಣ್ಣ, ಬೆಕ್ಕಿನದು.

ತಂಗಿಯ ಮಗಳು ಚಿತ್ಕಳಾ ಡಬ್ಬಿ ತರಿಸಿದಳು.
ಒಂದು ಕೊಳವೆ, ಒಂದು ಗೆರೆ, ಅಲ್ಲಿವರೆಗೆ ಉಗುಳಬೇಕು,
ಅರ್ಧ ಗಂಟೆ ಮೊದಲು ಕಾಫಿ ಕೂಡದು.
ಎಂಜಲನ್ನೂ ಪೋಸ್ಟಿಗೆ ಹಾಕ್ತಾರೇನೇ? ಅಮ್ಮ ಒಳಗಿಂದ.
ಋಷಿಮೂಲ ನದಿಮೂಲ ಕೆದಕಬಾರದು ಕಣೇ.
ಜಾವಳಿಯಲ್ಲಿ ಹೇಮಾವತಿ ಹುಟ್ಟುವ ಕಡೆ
ಚಿಲ್ಲರೆ ಎಸೆದು ಕೈಮುಗಿದು ಬಂದವಳು ಇವಳೇ.

ಕಾಯುವ ಆರು ವಾರ ಸುಮ್ಮನಿರಲಾರದೆ
ತಾಲ್ಲೂಕು ಕಚೇರಿಯ ರೆಕಾರ್ಡು ಕೋಣೆಯಲ್ಲಿ ಕೂತೆ.
ಗುಮಾಸ್ತ ಕೆಂಪರಾಜು ಬಟ್ಟೆಗಂಟು ಬಿಚ್ಚಿ, ಸೀನಿ,
ಗೆದ್ದಲು ಬಿಟ್ಟುಕೊಟ್ಟ ಒಂದು ಸಾಲು ಓದಿದ:
ನಂಜನ ಹಿತ್ತಲು, ಚಕ್ಕುಬಂದಿ, ಪೂರ್ವಕ್ಕೆ ಪರಂಗಿ ಮರ.
ಪರಂಗಿ ಮರ.
ಪಪ್ಪಾಯಿ ಮೇಡಂ, ಎಂದ. ಹಣ್ಣು.
ಫ್ರೆಂಚಿನವನು ಅಲ್ಲೇ ಕೋಟೆಯಿಂದ ಕಾಲು ಜಾರಿ ಬಿದ್ದ.

ವರದಿ ಬಂತು. ಸಮುದ್ರದಾಚೆ ಸೊನ್ನೆ.
ಭೂಪಟದ ತುಂಬ ದಕ್ಷಿಣ, ಒಂದೇ ಹಸಿರು ಕಲೆ.
ಕೆಳಗೆ, ಹತ್ತಿರದ ರಕ್ತ ಎಂಬ ಪಟ್ಟಿಯಲ್ಲಿ ಒಬ್ಬಳು:
ಕಾಂತಮಣಿ, ಸ್ಟಾಫ್ ನರ್ಸು, ಹಾಸನ. ಹುಟ್ಟೂರು ಆಲೂರು.
ಸೋದರತ್ತೆಯ ಮಗಳಷ್ಟು ಹತ್ತಿರ ಇರಬಹುದಂತೆ.
ನಮಗೆ ಸೋದರತ್ತೆ ಇಲ್ಲ.

ಕೆರೆ ಏರಿ ದಾಟಿದರೆ ಅವಳ ತವರು, ಕೂಗಳತೆ,
ಅಜ್ಜನ ಗದ್ದೆಗೆ ನಾಟಿಗೆ ಬರುತ್ತಿದ್ದ ಕೇರಿ.
ಐವತ್ತಾರು ವರ್ಷದಲ್ಲಿ ನಾನು ಆ ಏರಿ ಇಳಿದವಳಲ್ಲ.

ಇಳಿದೆ. ಜಗಲಿಯಲ್ಲಿ ಅವಳ ತಾಯಿ ಚಿಕ್ಕತಾಯಮ್ಮ
ಬಿತ್ತನೆ ಆಲೂಗೆಡ್ಡೆಯನ್ನು ಕಣ್ಣು ನೋಡಿ ನೋಡಿ ಕೊಯ್ಯುತ್ತಿದ್ದಳು.
ತಲೆ ಎತ್ತಿದಳು.
ಬೂದಿಗೆ ನೀರು ಬಿದ್ದ ಬಣ್ಣ.
ವರದಿಯನ್ನು ನಾನು ಬ್ಯಾಗಿನಿಂದ ತೆಗೆಯಲೇ ಇಲ್ಲ.
ನಿಮ್ಮ ಮನೆಗೆ ಏನಂತಾರೆ ಎಂದೆ, ಬೇರೇನೂ ತೋಚದೆ.
ನಮಗೆಂಥ ಮನೆ ಹೆಸರು ಕಣವ್ವ,
ಏರಿ ಮೇಲೆ ನಿಂತು 'ಯಾರ್ಲಾ ಅಲ್ಲಿ' ಅನ್ನೋರು. ನಾವು ಹೋಗೋವು.

ಆಮೇಲೆ, ಚಾಕು ಒರೆಸುತ್ತಾ, ಮೆಲ್ಲಗೆ:
ಕಾಫಿ ಕುಡೀತೀರಾ, ನಮ್ಮನೇಲಿ?
ತಡವಾಯಿತು ನನಗೆ. ಒಂದು ಉಸಿರಿನಷ್ಟು.
ಅವಳು ಅದನ್ನು ಎಣಿಸಿಕೊಂಡಳು, ಗೊತ್ತಾಯಿತು.
ಕುಡಿದೆ. ನಾಲಿಗೆ ಸುಟ್ಟಿತು.
ತೊಳೆಯಲು ಎದ್ದರೆ ಲೋಟ ಕಿತ್ತುಕೊಂಡಳು,
ಅಂಚಿನಲ್ಲಿ ನನ್ನ ಎಂಜಲು ಹಾಗೇ ಇತ್ತು.

ಮೊನ್ನೆ ನಾಮಕರಣದಲ್ಲೂ ಚಿಕ್ಕಪ್ಪ ಕೋಟೆ ಕಟ್ಟಿಸಿದ.
ಗಂಜಿಯ ಹತ್ತಿರ ಬಂದು ಸುಣ್ಣದ ಡಬ್ಬಿ ತೆಗೆದಾಗ
ನನ್ನ ಕಡೆ ನೋಡಲಿಲ್ಲ.