ನಾಲ್ಕನೇ ಸಲ, ಎಲಿಯಾವಾ ಸಂತೆಯಲ್ಲಿ

ಮತ್ತೆ ಹಳದಿ ದೀಪ.
ಪುಟ್ಟ ಎಂಜಿನ್ನಿನ ಚಿತ್ರ. ಆಮೆ ಎನ್ನುತ್ತಾಳೆ ಮೊಮ್ಮಗಳು.
ಅದರ ಮೇಲೆ ಕರಿ ಟೇಪು ಅಂಟಿಸಿ ಮೂರು ದಿನ ಓಡಿಸಿದೆ.
ಕಾಣದಿದ್ದರೆ ಕಾಯಿಲೆಯಿಲ್ಲ:
ನನ್ನ ವಯಸ್ಸಿನವರ ವೈದ್ಯ ಇಷ್ಟೇ.

ನಾಲ್ಕನೇ ದಿನ, ವೇರಾದ ಏರಿನಲ್ಲಿ,
ಕೆಮ್ಮಿತು, ನಿಂತಿತು, ಒಂದು ಮಾರು ಹಿಂದಕ್ಕೆ ಜಾರಿತು.
ಹಿಂದಿದ್ದ ಬ್ರೆಡ್ಡಿನ ವ್ಯಾನಿನವನು
ತೀರಿಹೋದ ನನ್ನ ತಾಯಿಯನ್ನು ಗಟ್ಟಿಯಾಗಿ ನೆನೆದ.

ನಮ್ಮ ಟಿಬಿಲಿಸಿಯಲ್ಲಿ ದುಡ್ಡಿನ ಹೆಸರು ಲಾರಿ.
ಮೊದಲ ಸಲ ನೂರೆಂಬತ್ತು ಲಾರಿ, ಸೆನ್ಸರ್ ಎಂದರು.
ಎರಡನೇ ಸಲ ಮುನ್ನೂರ ಹತ್ತು, ಕಾಯಿಲ್ ಎಂದರು.
ಮೂರನೇ ಸಲ ಕಾರಣ ಹೇಳಲಿಲ್ಲ, ನಾನೂರು ಎಂದರು.
ಲೆಕ್ಕ ಹಾಕಿ:
ಇಷ್ಟು ಸಣ್ಣ ಕಾರಿನ ಹೊಟ್ಟೆಯಲ್ಲಿ
ಎಂಟುನೂರ ತೊಂಬತ್ತು ಲಾರಿ,
ಆದರೂ ಮನೆಗೆ ನಾನು ಬಸ್ಸಿನಲ್ಲಿ.

ವಾಝಾನ ಅಂಗಡಿ ಸಂತೆಯ ಕೊನೆಯ ಸಾಲಿನಲ್ಲಿ,
ಬಾಗಿಲು ಮಾರುವವರನ್ನೂ ಬರೀ ಎಡಗಣ್ಣಿನ ಲ್ಯಾಂಪು ಮಾರುವವನನ್ನೂ ದಾಟಿ.
ಕಂಪ್ಯೂಟರಿನ ಬಾಲವನ್ನು ಕಾರಿಗೆ ಸಿಕ್ಕಿಸುತ್ತಾನೆ.
'ಏನೂ ಇಲ್ಲವಲ್ಲ, ಝುಂಬೆರ್ ಮಾಸ್ತರೇ.'

ಇದೆ. ಒಂದು ಸದ್ದಿದೆ.
ಫಾ ಸ್ವರಕ್ಕಿಂತ ಕೂದಲೆಳೆಯಷ್ಟು ಕೆಳಗೆ, ಎಡಗಡೆಯಿಂದ,
ಬೆವರುವ ಕೈಯಲ್ಲಿ ಒದ್ದೆ ಗಾಜು ಒರೆಸಿದ ಹಾಗೆ.
ನಲವತ್ತು ವರ್ಷ ಪಿಯಾನೊ ಶ್ರುತಿ ಮಾಡಿದ ಕಿವಿ ಇದು.
'ಹಾಗಾದರೆ ಕೇಳಿಸಿ' ಎನ್ನುತ್ತಾನೆ.
ಕೀಲಿ ತಿರುಗಿಸುತ್ತೇನೆ.
ಕಾರು ಬೆಕ್ಕಿನ ಮರಿಯಂತೆ ಗುರ್ರೆನ್ನುತ್ತದೆ,
ದಂತವೈದ್ಯರ ಬಾಗಿಲಲ್ಲಿ ಹಲ್ಲುನೋವು ಮಾಯವಾದಂತೆ.
ಇಂಥ ಅವಮಾನ ನನಗೆ ಮದುವೆಯಲ್ಲೂ ಆಗಿರಲಿಲ್ಲ.

ಆಗ ಆ ಹುಡುಗ, ಇನ್ನೂ ಮೀಸೆ ಬರದವನು,
ಯಾರೂ ಹೇಳದೆಯೇ ಹಿಂದಿನ ಸೀಟು ಕಳಚಿ
ಕಾರ್ಪೆಟ್ಟಿನ ಅಂಚು ಎತ್ತಿದ.
ಅದರಡಿ ಮಣ್ಣು. ಒಣಗಿ ಬಿರಿದ, ನಮ್ಮ ನದಿಯದಲ್ಲದ ಮಣ್ಣು.
ಒಂದು ಬಸವನಹುಳದ ಚಿಪ್ಪು.
ಬಾಗಿಲೊಳಗೆ ಮೊಣಕಾಲೆತ್ತರಕ್ಕೆ
ನೀರು ನಿಂತುಹೋದ ಕಂದುಗೆರೆ.

ರುಸ್ತಾವಿಯಲ್ಲಿ ಮಾರಿದವನು ಆಣೆ ಹಾಕಿದ್ದ:
'ಅಮೆರಿಕದ ಒಬ್ಬ ಮುದುಕಿಯದು,
ಭಾನುವಾರ ಚರ್ಚಿಗೆ ಮಾತ್ರ ಹೋಗುತ್ತಿತ್ತು.'
ಹೋಗಿರಬೇಕು. ಯಾವುದೋ ಭಾನುವಾರ ನೆರೆಯೂ ಬಂದಿರಬೇಕು.
ಆಮೇಲೆ ಹಡಗು, ಪೋತಿ ಬಂದರು, ಪಾಲಿಶ್, ನಾನು.

'ನೀರು ಕುಡಿದ ಕಾರು, ಅಜ್ಜ' ಎಂದ ಹುಡುಗ.
ತಂತಿಯ ತುದಿ ಸುಲಿದು ತೋರಿಸಿದ: ಹಸಿರು ತುಕ್ಕು.
'ಇಲ್ಲಿ ಕತ್ತರಿಸಿ ಕೂಡಿಸಿದರೆ ಅಲ್ಲಿ ಏಳುತ್ತೆ.'
ವಾಝಾ ಅವನನ್ನು ಟೀ ತರಲು ಕಳಿಸಿಬಿಟ್ಟ.

ನಾನು ಕೂಗಾಡಲು ಬಾಯಿ ತೆರೆದಿದ್ದೆ.
ಮೂರು ಸಲ! ನಿನಗೆ ಗೊತ್ತಿತ್ತಾ, ಇಲ್ಲವಾ?
ಅಷ್ಟರಲ್ಲಿ ಅವನೇ, ಕೈ ಒರೆಸಿಕೊಳ್ಳುತ್ತ, ಮೆಲ್ಲಗೆ:
'ಮಾಸ್ತರೇ, ಮಗಳ ಪಿಯಾನೊ ಮತ್ತೆ ಇಳಿದಿದೆ.
ಮಾರ್ಚಿನಲ್ಲಿ ಬಂದಿದ್ದಿರಿ. ಅವೇ ಐದು ಮನೆ.
ಪಾಪ, ಪರೀಕ್ಷೆ ಹತ್ತಿರ ಬಂತು.'

ಅವೇ ಐದು ಮನೆ.
ಆ ಪಿಯಾನೊದ ಬಿರಡೆ ಹಿಡಿಯುವ ಹಲಗೆ ಸೀಳಿದೆ.
ಆರು ವರ್ಷದಿಂದ ಸೀಳಿದೆ.
ಬಿರಡೆ ತಿರುಗಿಸುವಾಗ ಬೆಣ್ಣೆಯಲ್ಲಿ ತಿರುಗಿದಂತೆ,
ನನ್ನ ಮಣಿಕಟ್ಟಿಗೆ ಗೊತ್ತು.
ಪ್ರತಿ ವರ್ಷ ಎರಡು ಸಲ ಹೋಗುತ್ತೇನೆ,
ಅವನ ಹೆಂಡತಿ ಅಕ್ರೋಟಿನ ಮುರಬ್ಬ ಕೊಡುತ್ತಾಳೆ,
ತೊಂಬತ್ತು ಲಾರಿ ತೆಗೆದುಕೊಳ್ಳುತ್ತೇನೆ.
ಹಲಗೆ ಬದಲಿಸುವ ಖರ್ಚು ಹೇಳಿದರೆ
ಆ ಹುಡುಗಿಯ ಪಾಠವೇ ನಿಲ್ಲುತ್ತಿತ್ತು, ಅಂದುಕೊಂಡಿದ್ದೇನೆ.
ಮುರಬ್ಬವೂ.

'ಹವೆ' ಎಂದೆ. 'ಮರಕ್ಕೆ ಹವೆ ತಡೆಯುವುದಿಲ್ಲ.'
'ಹೌದು, ಹವೆ' ಎಂದ ವಾಝಾ,
ನನ್ನ ಕಾರಿನ ಕಡೆ ನೋಡದೆ.

ಟೀ ಬಂತು. ಇಬ್ಬರೂ ನಿಂತೇ ಕುಡಿದೆವು.
ನೂರ ಐವತ್ತು ಕೇಳಿದ. ಚೌಕಾಸಿ ಮಾಡಲಿಲ್ಲ.

ನದೀದಂಡೆಯ ರಸ್ತೆಗೆ ತಿರುಗಿದ ಮೇಲೆ
ಎಡಗಡೆಯಿಂದ ಬಂತು ಅದು, ಕೂದಲೆಳೆ ಕೆಳಗಿನ ಫಾ.
ಕನ್ನಡಿಯಲ್ಲಿ ವಾಝಾ ಇನ್ನೂ ನಿಂತಿದ್ದ, ಕಿವಿಗೊಟ್ಟು.
ಕಿಟಕಿಯಿಂದ ಕೈ ಹೊರಹಾಕಿ
ಎಲ್ಲ ಸರಿಯಿದೆ ಎಂದು ಬೀಸಿದೆ.